ನವಿಲುತೀರ್ಥದ ಅಡಿ ಲೆಕ್ಕ ಶುರುವಾಗುವುದು ಕಾರವಾರದ ಕಡಲಿನಿಂದ

ಮಳೆಗಾಲ ಬಂದರೆ ಸವದತ್ತಿ, ರಾಮದುರ್ಗ ಕಡೆಯ ಚಹಾದಂಗಡಿಗಳಲ್ಲಿ ಒಂದೇ ಪ್ರಶ್ನೆ: "ಡ್ಯಾಮಿಗೆ ಎಷ್ಟು ನೀರು ಬಂದೈತ್ರಿ?" ಉತ್ತರ ಅಡಿಯಲ್ಲಿರುತ್ತದೆ. ನವಿಲುತೀರ್ಥ ಜಲಾಶಯದ ಪೂರ್ಣ ಮಟ್ಟ 2079.50 ಅಡಿ. ಕಾಲುವೆಗೆ ನೀರು ಬಿಡುವ ಮಾತು ಬಂದಾಗಲೂ, 2019ರ ಆಗಸ್ಟ್‌ನಲ್ಲಿ ಮಲಪ್ರಭೆ ದಂಡೆಯ ಊರುಗಳಿಗೆ ನೀರು ನುಗ್ಗಿದಾಗಲೂ ನಾವು ಕೇಳಿದ್ದು ಇದೇ ಅಂಕಿ.

ಅಣೆಕಟ್ಟೇನೂ ಎರಡು ಸಾವಿರ ಅಡಿ ಎತ್ತರವಿಲ್ಲ. ಹಾಗಾದರೆ ಈ ಅಡಿ ಎಣಿಸುವುದು ಎಲ್ಲಿಂದ? ಸಮುದ್ರ ಮಟ್ಟದಿಂದ.

ಸಮುದ್ರ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ದಿನಾ ಏರುತ್ತದೆ, ಇಳಿಯುತ್ತದೆ. ಅದರ ಸರಾಸರಿ ಹಿಡಿಯಲು ಸರ್ವೆ ಆಫ್ ಇಂಡಿಯಾದವರು 19ನೇ ಶತಮಾನದ ಕೊನೆಯಲ್ಲಿ ಬಂದರುಗಳಲ್ಲಿ ಉಬ್ಬರಮಾಪಕ ಕೂರಿಸಿದರು. ಬಾವಿಯಂಥ ಗುಂಡಿಯಲ್ಲಿ ಒಂದು ತೇಲುಬುರುಡೆ. ಅದು ಏರಿಳಿದಂತೆ ಮೇಲೆ ಸುತ್ತುವ ಕಾಗದದ ಮೇಲೆ ಗೆರೆ ಬೀಳುತ್ತಿತ್ತು. ಹೀಗೆ ಒಂಬತ್ತು ಕಡೆಯ ದಾಖಲೆ ಸೇರಿಸಿ 1909ರ ಹೊತ್ತಿಗೆ ದೇಶದ ಸಮುದ್ರ ಮಟ್ಟ ಗೊತ್ತುಮಾಡಿದರು: ಕರಾಚಿ, ಮುಂಬೈ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ ಮತ್ತು ಒಡಿಶಾದ ಫಾಲ್ಸ್ ಪಾಯಿಂಟ್. ಅಲ್ಲಿಂದ ಗುರುತುಕಲ್ಲು ನೆಡುತ್ತ ಒಳನಾಡಿಗೆಲ್ಲ ಆ ಅಳತೆ ತಂದರು.

ಒಂಬತ್ತು ಕಡೆಯ ಅಳತೆ ಒಂದಕ್ಕೊಂದು ಕೂಡಿದ್ದು ಹೇಗೆ? ಯಂತ್ರ ಎಲ್ಲಿತ್ತು, ಯಾವಾಗಿನಿಂದ ಯಾವಾಗಿನವರೆಗೆ ನಡೆಯಿತು, ದಂಡೆಯ ಯಾವ ಕಲ್ಲಿನಿಂದ ಸೊನ್ನೆ ಹಿಡಿದರು ಎಂಬುದನ್ನೂ ಬರೆದಿಟ್ಟಿದ್ದರು. ಆ ವಿವರ ಇಲ್ಲದಿದ್ದರೆ ಅಂಕಿ ಬರೀ ಗೀಚು. 1933ರಿಂದ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಒಂದು ಸಂಸ್ಥೆ ಜಗತ್ತಿನ ಉಬ್ಬರಮಾಪಕಗಳ ಲೆಕ್ಕವನ್ನೆಲ್ಲ ಒಂದೇ ಕಡೆ ಸೇರಿಸುತ್ತ ಬಂದಿದೆ. ಮುಂಬೈಯ 1878ರಿಂದಿನ ದಾಖಲೆ ಅದರಲ್ಲಿದೆ. ಯಾರು ಬೇಕಾದರೂ ನೋಡಬಹುದು.

ಈಗ ಅಳತೆ ದಂಡೆ ಬಿಟ್ಟು ನಡುಗಡಲಿಗೆ ಹೋಗಿದೆ. ಆರ್ಗೋ ಎಂಬ ಯೋಜನೆಯಲ್ಲಿ ಹಲವು ದೇಶಗಳು ಸೇರಿ ಸುಮಾರು ನಾಲ್ಕು ಸಾವಿರ ತೇಲುಯಂತ್ರ ಬಿಟ್ಟಿವೆ. ಒಂದೊಂದೂ ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರ್ ಆಳಕ್ಕಿಳಿದು, ಮೇಲೆ ಬರುತ್ತ ನೀರಿನ ಬಿಸಿ, ಉಪ್ಪು ಅಳೆದು, ಉಪಗ್ರಹಕ್ಕೆ ಕಳಿಸುತ್ತದೆ. ನಮ್ಮ ದೇಶದ ಪಾಲು ನೋಡಿಕೊಳ್ಳುವುದು 1999ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಇನ್‌ಕಾಯಿಸ್ ಸಂಸ್ಥೆ. ಪ್ರತಿ ಯಂತ್ರಕ್ಕೂ ಒಂದು ನಂಬರು. ಯಾವ ದೇಶದ್ದು, ಯಾವ ಮಾದರಿ, ಎಲ್ಲಿ ಬಿಟ್ಟರು ಎಂಬ ಪಟ್ಟಿ ಎಲ್ಲರಿಗೂ ತೆರೆದಿದೆ.

ಈ ಪಟ್ಟಿಯ ಬೆಲೆ ಗೊತ್ತಾಗಿದ್ದು 2007ರಲ್ಲಿ. ಅದಕ್ಕೂ ಹಿಂದಿನ ವರ್ಷ ಒಂದು ಸಂಶೋಧನೆ, 2003ರಿಂದ 2005ರೊಳಗೆ ಸಾಗರ ತಣ್ಣಗಾಗಿದೆ ಎಂದಿತ್ತು. ಜಗತ್ತು ಕಾಯುತ್ತಿರುವಾಗ ಸಾಗರ ತಂಪಾಗುವುದೆಂದರೇನು ಎಂದು ವಿಜ್ಞಾನಿಗಳು ತಲೆ ಕೆಡಿಸಿಕೊಂಡರು. ಹುಡುಕಿದಾಗ ಸಿಕ್ಕಿದ್ದು, ಒಂದು ಬಗೆಯ ಕೆಲವು ತೇಲುಯಂತ್ರಗಳು ಆಳವನ್ನೇ ತಪ್ಪಾಗಿ ದಾಖಲಿಸಿದ್ದವು. ಯಾವ ನಂಬರಿನದು ಯಾವ ಮಾದರಿ ಎಂದು ಬರೆದಿದ್ದರಿಂದ ಕೆಟ್ಟವನ್ನು ಆರಿಸಿ ತೆಗೆಯಲು ಆಯಿತು. ಹಳೇ ಮಾದರಿಯ ಇನ್ನೊಂದು ಉಪಕರಣದ ದೋಷವನ್ನೂ ಸರಿಪಡಿಸಿದ ಮೇಲೆ ಆ ತಂಪು ಉಳಿಯಲಿಲ್ಲ.

ನಮಗಿದು ದೂರದ ಮಾತಲ್ಲ. ಮಲಪ್ರಭೆ ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿಗೆ ಮುಂಗಾರು ಬರುವುದು ಅರಬ್ಬಿ ಸಮುದ್ರದಿಂದ. ಮುಂಗಾರಿನ ಮುನ್ಸೂಚನೆ ಲೆಕ್ಕಕ್ಕೆ ಸಮುದ್ರದ ಬಿಸಿಯೂ ಬೇಕು. ಆ ಮುನ್ಸೂಚನೆ ನೋಡಿ ನಾವು ಬೀಜ, ಗೊಬ್ಬರಕ್ಕೆ ಸಾಲ ಮಾಡುತ್ತೇವೆ.

ಈಗ ನಮ್ಮ ಪಂಚಾಯಿತಿಗಳಲ್ಲೂ ಮಳೆಮಾಪಕಗಳಿವೆ. ಮುಂದಿನ ಸಲ ಅದರ ಹತ್ತಿರ ಹೋದರೆ, ಎಷ್ಟು ಮಿಲಿಮೀಟರ್ ಎಂದಷ್ಟೇ ಕೇಳಬೇಡಿ. ಯಂತ್ರ ಯಾವಾಗ ಕೂರಿಸಿದ್ದು, ಕೊನೆಗೆ ಪರೀಕ್ಷೆ ಮಾಡಿದ್ದು ಯಾವಾಗ, ಅದನ್ನು ಎಲ್ಲಿ ಬರೆದಿದ್ದಾರೆ ಎಂದೂ ಕೇಳಿ.