ಅರ್ಧಜ್ಯೆಯಿಂದ ಏಕಮಾನ ವೃತ್ತಕ್ಕೆ

ವೃತ್ತಪರಿಧಿಯನ್ನು 21,600 ಕಲೆಗಳಾಗಿ ವಿಭಜಿಸಿ, ಆ ಕಲೆಯನ್ನೇ ಮಾನವಾಗಿಟ್ಟುಕೊಂಡು ತ್ರಿಜ್ಯವನ್ನು 3438 ಎಂದು ಗ್ರಹಿಸಿದ ಆರ್ಯಭಟನು, ಕ್ರಿ.ಶ. 499ರ ಸುಮಾರಿಗೆ ರಚಿಸಿದ ‘ಆರ್ಯಭಟೀಯ’ದಲ್ಲಿ, 225 ಕಲೆಗಳಿಗೊಂದರಂತೆ ಬರುವ 24 ಅರ್ಧಜ್ಯೆಗಳ ಅಂತರಗಳನ್ನು ಒಂದೇ ಪದ್ಯದಲ್ಲಿ ಅಡಕಗೊಳಿಸಿದನು. ಗ್ರಹಗತಿಯನ್ನು ಗಣಿಸಬೇಕಾದವನು ಆ ಅಂತರಗಳನ್ನು ಕಂಠಸ್ಥಮಾಡಿಕೊಂಡು ಅನುಕ್ರಮವಾಗಿ ಕೂಡುತ್ತ ನಡೆದರೆ, ಎಂಟನೆಯ ಸ್ಥಾನದಲ್ಲಿ, ಎಂದರೆ 30 ಅಂಶಗಳ ಕೋನಕ್ಕೆ, ತ್ರಿಜ್ಯದ ಸರಿಯರ್ಧವಾದ 1719 ಲಭಿಸುವುದು. ಅದೇ ಕೋನದ ಕೋಟಿಜ್ಯೆಯನ್ನು ಅರಸುವವನಿಗೆ, ಪೂರಕ ಕೋನವಾದ 60 ಅಂಶಗಳಿಗೆ ಸಲ್ಲುವ ಹದಿನಾರನೆಯ ಮೌಲ್ಯ, 2978, ಸಿದ್ಧವಾಗಿಯೇ ಇರುವುದು.

ಮುಂದೆ ಯೂರೋಪಿನಲ್ಲಿ 1748ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗಣಿತಜ್ಞ ಆಯ್ಲರನು ತ್ರಿಜ್ಯವನ್ನು ಒಂದೆಂದೇ ಪರಿಗಣಿಸಿದನು. ಇಂದಿನ ವಿದ್ಯಾರ್ಥಿಯು ಏಕಮಾನ ವೃತ್ತದ ಮೇಲಣ ಬಿಂದುವಿನ ನಿರ್ದೇಶಾಂಕಗಳೆಂದು ಅಭ್ಯಸಿಸುವ ಕೊಸೈನ್, ಸೈನ್‌ಗಳು, ಆ ಪುರಾತನ ಕೋಟಿಜ್ಯೆ, ಅರ್ಧಜ್ಯೆಗಳನ್ನೇ ತ್ರಿಜ್ಯದಿಂದ ಭಾಗಿಸಿದಾಗ ದೊರೆಯುವ ಫಲಗಳಲ್ಲದೆ ಬೇರೆಯಲ್ಲ.