ಗೋಡೆ ಚಾವಣಿ ಕೂಡುವಲ್ಲಿ

ಗೃಹಪ್ರವೇಶವಾಗಿ ಮೂರು ತಿಂಗಳೂ ಕಳೆದಿರಲಿಲ್ಲ, ನಡುಮನೆಯ ಮೂಲೆಯಲ್ಲಿ ಕಾರ್ನಿಸ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಗೋಡೆ ಚಾವಣಿ ಕೂಡುವಲ್ಲಿ ಸುತ್ತಲೂ ಬಳ್ಳಿಯ ಚಿತ್ತಾರದ ಬಿಳಿ ಪಟ್ಟಿ ಬೇಕೆಂದು ಹಟ ಹಿಡಿದವಳು ನಾನೇ. ಹಾಗಾಗಿ ಸಿಟ್ಟೂ ನನಗೇ ಹೆಚ್ಚು. ಮೇಸ್ತ್ರಿಯ ಬಾಕಿ ಹಣ ಕೊಡುವುದಿಲ್ಲವೆಂದುಬಿಟ್ಟೆ. "ಗೋಡೆ ಇನ್ನೂ ಹಸಿ ಐತೆ ಅಂತ ಆಗಲೇ ಹೇಳಿದ್ನಲ್ಲಮ್ಮ" ಎಂದ ಆತ. ಜಾರಿಕೊಳ್ಳುವ ಮಾತೆಂದು ತಿಳಿದೆ.

ಆಮೇಲೆ ಈ ಪಟ್ಟಿಯ ಕತೆ ಏನೆಂದು ಓದತೊಡಗಿದೆ. ಇದರ ಮೂಲ ಮನೆಯೊಳಗಲ್ಲ, ಗ್ರೀಕರ ದೇವಾಲಯಗಳ ಹೊರಮೈಯಲ್ಲಿ. ಮಳೆನೀರು ಗೋಡೆಗೆ ತಾಗದೆ ದೂರ ಬೀಳಲೆಂದು ಮಾಡಿನ ಅಂಚನ್ನು ಮುಂದಕ್ಕೆ ಚಾಚುತ್ತಿದ್ದರು. ನಮ್ಮ ಗುಡಿಗಳಲ್ಲೂ ಅಂಥ ಚಾಚು ಉಂಟು. ಅದರ ಹೆಸರು ಕಪೋತ. ಕಪೋತವೆಂದರೆ ಪಾರಿವಾಳ. ಹೆಸರಿಗೆ ತಕ್ಕ ಹಾಗೆ ಪಾರಿವಾಳಗಳೂ ಅಲ್ಲೇ ಕೂರುತ್ತವೆ ಅನ್ನಿ!

ಮಳೆಯೇ ಬೀಳದ ಒಳಕೋಣೆಗೆ ಇದೇಕೆ? ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಮರದ ತೊಲೆಗಳ ಕೆಳಗೆ ತೆಳು ರೀಪು ಹೊಡೆದು, ದನದ ಕೂದಲು ಬೆರೆಸಿದ ಸುಣ್ಣದ ಗಾರೆ ಮೆತ್ತಿ ಚಾವಣಿ ಮಾಡುತ್ತಿದ್ದರು. ಮರ ಚಳಿಗಾಲಕ್ಕೊಂದು ಬೇಸಿಗೆಗೊಂದು ಅಳತೆ. ಗೋಡೆ ಸೇರುವಲ್ಲಿ ಸೀಳು ಬರುವುದೇ. ಸೀರೆಗೆ ಹೊಲಿದ ಫಾಲಿನಂತೆ ಈ ಪಟ್ಟಿ ಅಂದವನ್ನೂ ಕೊಟ್ಟಿತು, ಮಾನವನ್ನೂ ಕಾಯಿತು. ಹಸಿ ಗಾರೆಯ ಮೇಲೆ ಆಕಾರ ಕತ್ತರಿಸಿದ ತಗಡನ್ನು ಗೋಡೆಯುದ್ದಕ್ಕೂ ಎಳೆಯುತ್ತಿದ್ದರು, ಚಕ್ಕುಲಿ ಒರಳಿನ ಬಿಲ್ಲೆ ಹಿಟ್ಟಿಗೆ ರೂಪ ಕೊಡುವ ಹಾಗೆ. ಒಂದು ಪದರ ಬಿಗಿಯುವವರೆಗೆ ಕಾದು ಇನ್ನೊಂದು. ಸುಣ್ಣ ಪೂರ್ತಿ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಲಂಡನ್ ಬಳಿಯ ಸಯನ್ ಹೌಸ್‌ನ ಒಳಾಂಗಣವನ್ನು 1760ರ ದಶಕದಲ್ಲಿ ರೂಪಿಸಿದ ರಾಬರ್ಟ್ ಆಡಮ್ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅವನಿಗಾಗಿ ಗಾರೆಯಲ್ಲಿ ಕೈಯಾಡಿಸಿದ ಜೋಸೆಫ್ ರೋಸ್‌ನನ್ನು ಎಷ್ಟು ಜನ ನೆನೆಯುತ್ತಾರೆ?

ಕಾಯುವ ಕೆಲಸ ತಪ್ಪಿಸಿದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್. ಪ್ಯಾರಿಸ್ಸಿನ ಮಾಂಟ್‌ಮಾರ್ತ್ರ್ ಗುಡ್ಡದಲ್ಲಿ ಅಗೆಯುತ್ತಿದ್ದ ಜಿಪ್ಸಂ ಕಲ್ಲಿನಿಂದ ಆ ಹೆಸರು. ಸುಮಾರು 150 ಡಿಗ್ರಿ ಸೆಲ್ಸಿಯಸ್ ಕಾಸಿದರೆ ಕಲ್ಲಿನೊಳಗಿನ ನೀರಿನ ಮುಕ್ಕಾಲು ಪಾಲು ಹೋಗುತ್ತದೆ. ಪುಡಿಗೆ ನೀರು ಬೆರೆಸಿದರೆ ಕಳೆದುಕೊಂಡಷ್ಟನ್ನು ಹೀರಿ ನಿಮಿಷಗಳಲ್ಲಿ ಮತ್ತೆ ಕಲ್ಲಾಗುತ್ತದೆ. 1856ರಲ್ಲಿ ದೆಸಾಶಿ ಎಂಬ ಫ್ರೆಂಚ್ ಕುಶಲಕರ್ಮಿ ಅದರೊಳಗೆ ಗೋಣಿಬಟ್ಟೆ ಸೇರಿಸಿ ಎರಕ ಹೊಯ್ಯುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಮತ್ತೇನು, ಕಾರ್ಖಾನೆಯಲ್ಲಿ ಮಾಡಿ, ಗಾಡಿಯಲ್ಲಿ ತಂದು, ಗೋಡೆಗೆ ಕೂರಿಸಿದರಾಯಿತು.

ನಮ್ಮ ಮನೆಗೆ ಬಂದದ್ದೂ ಆ ವಂಶದ್ದೇ. ಗೋಣಿಯ ಬದಲು ತೆಂಗಿನ ನಾರು. ಪಟ್ಟಿ ಬೇಗ ಬಿಗಿಯಿತು. ಆದರೆ ಹಿಂದಿನ ಸಿಮೆಂಟ್ ಗೋಡೆ? ಅದು ತಿಂಗಳುಗಟ್ಟಲೆ ಒಣಗುತ್ತ, ಒಣಗಿದಂತೆಲ್ಲ ಕುಗ್ಗುತ್ತ ಇರುತ್ತದೆ. ಎಳೆತ ಬೀಳುವುದು ಪಟ್ಟಿಯ ಸಂದುಗಳ ಮೇಲೆ. ಮುಹೂರ್ತ ಮುಂದೂಡಲು ಒಪ್ಪದವರು ನಾವು. ಮಾತು ಕೇಳಿಸಿಕೊಂಡವನು ಆತ.

ಮೇಸ್ತ್ರಿಗೆ ಹೇಳಿಕಳಿಸಿದೆ. ಬಂದ. ಹಣ ಎಣಿಸಿ ಜೇಬಿಗಿಟ್ಟುಕೊಂಡು, ಕತ್ತೆತ್ತಿ ಮೂಲೆಯನ್ನೇ ನೋಡುತ್ತ ನಿಂತ. "ಒಂದು ಬ್ಯಾಸಿಗೆ ಕಳೀಲಿ ಅಮ್ಮ, ಆಮ್ಯಾಗೆ ತುಂಬಿಕೊಡ್ತೀನಿ" ಎಂದ.