‘ವೆಳ್’: ಒಂದು ಮೂಲದ್ರಾವಿಡ ಗುಣವಾಚಕದ ಚರಿತ್ರೆ

ಯಾವ ಶಾಸನದಲ್ಲಿಯೂ ಕಾವ್ಯದಲ್ಲಿಯೂ ದೊರೆಯದೆ, ಸೋದರ ಭಾಷೆಗಳ ಹೋಲಿಕೆಯಿಂದ ಮಾತ್ರ ಸಿದ್ಧವಾಗುವ ಶಬ್ದಕ್ಕೆ ಭಾಷಾವಿಜ್ಞಾನಿಗಳು ನಕ್ಷತ್ರಚಿಹ್ನೆಯನ್ನು ಹಚ್ಚುತ್ತಾರೆ. ಐರಿಷ್ ಭಾಷೆಯ ‘ಫಿಯೊನ್’, ವೆಲ್ಷ್ ಭಾಷೆಯ ‘ಗ್ವಿನ್’ ಎಂಬ ರೂಪಗಳಿಂದ ಮೂಲಕೆಲ್ಟಿಕ್ ಭಾಷೆಗೆ *ವಿಂದೊಸ್ ಎಂಬ ಗುಣವಾಚಕವನ್ನು ಪುನಾರಚಿಸಿದ್ದು ಹೀಗೆಯೇ. ಅದರ ಅರ್ಥ ‘ಬಿಳಿ’. ಅದೇ ಅರ್ಥದ ಮೂಲದ್ರಾವಿಡ ಶಬ್ದ *ವೆಳ್.

ತಮಿಳಿನಲ್ಲಿ ಆದಿಯ ವಕಾರ ಉಳಿಯಿತು. ಕನ್ನಡ, ತುಳುಗಳಲ್ಲಿ ಬಕಾರವಾಯಿತು. ತುಳುವಿನಲ್ಲಿ ಸ್ವರವೂ ಬದಲಾಯಿತು: ನಮ್ಮ ‘ಬೆಳ್ಳಿ’ ಅಲ್ಲಿ ‘ಬೊಳ್ಳಿ’. ಕನ್ನಡದೊಳಗೇ ‘ಬೆಳ್ಳಿ’, ‘ಬೆಳಗು’ಗಳಲ್ಲಿ ಎಕಾರ, ‘ಬಿಳಿ’ಯಲ್ಲಿ ಇಕಾರ ಏಕೆ? ಮುಂದಿನ ಅಕ್ಷರದಲ್ಲಿ ಇ, ಉ ಬಂದರೆ ಹಿಂದಿನ ಎಕಾರ ಇಕಾರವಾಗುವುದು ಕನ್ನಡದ ಹಳೆಯ ಧ್ವನಿನಿಯಮ. ತಮಿಳಿನ ‘ಚೆವಿ’ಗೆ ನಮ್ಮ ‘ಕಿವಿ’ ಸಂವಾದಿಯಾಗಿರುವುದೂ ಇದರಿಂದಲೇ. ‘ಬೆಳಗು’ವಿನಲ್ಲಿ ಮುಂದಿರುವುದು ಅಕಾರ, ‘ಬೆಳ್ಳಿ’ಯಲ್ಲಿ ನಡುವೆ ದ್ವಿತ್ವವಿದೆ, ಆದ್ದರಿಂದ ಅವು ಪಾರಾದವು.

ದ್ರಾವಿಡದಲ್ಲಿ ಗುಣವಾಚಕವೆಂಬ ಪ್ರತ್ಯೇಕ ವರ್ಗವೇ ಇರಲಿಲ್ಲ ಎಂದ ವಿದ್ವಾಂಸರುಂಟು. ಈ ವಾದಕ್ಕೆ ‘ಬೆಳ್’ ಸುಲಭವಾಗಿ ಒಗ್ಗುವುದಿಲ್ಲ. ಅದು ನಾಮಪದದಂತೆ ವಿಭಕ್ತಿಯನ್ನು ತಾಳದು, ಕ್ರಿಯೆಯಂತೆ ಕಾಲವನ್ನೂ ತಾಳದು. ಇನ್ನೊಂದು ಪದದ ಬೆನ್ನಿಗೆ ಅಂಟಿಯೇ ಬದುಕಿತು. ಬೆಳ್ + ನೆಯ್ ಸೇರಿ ‘ಬೆಣ್ಣೆ’. ಬೆಳ್ + ಉಳ್ಳಿ ಸೇರಿ ‘ಬೆಳ್ಳುಳ್ಳಿ’. ತೆಲುಗಿನ ‘ವೆನ್ನ’, ‘ವೆನ್ನೆಲ’ಗಳಲ್ಲಿಯೂ ಇದೇ ಧಾತು ಅಡಗಿದೆ. ದಿನವೂ ಬೆಣ್ಣೆ ತಿನ್ನುವವನಿಗೆ ಅದರೊಳಗಿನ ಬಿಳುಪು ಕೇಳಿಸುವುದಿಲ್ಲ, ಅಷ್ಟೆ.

ಮಧ್ಯಯುಗದವರಿಗೆ ಅದು ಕೇಳಿಸುತ್ತಿತ್ತು ಎನ್ನಲು ಶ್ರವಣಬೆಳಗೊಳವೇ ಸಾಕ್ಷಿ. ಬೆಳ್ + ಕೊಳ, ಅಂದರೆ ಬಿಳಿಯ ಕೊಳ. ಅಲ್ಲಿನ ಶಾಸನಗಳು ಊರನ್ನು ಸಂಸ್ಕೃತದಲ್ಲಿ ಧವಳಸರೋವರ, ಶ್ವೇತಸರೋವರ ಎಂದು ಕರೆದಿವೆ. ಅನುವಾದಿಸಿದವರಿಗೆ ಎರಡೂ ಘಟಕಗಳು ಸ್ಪಷ್ಟವಾಗಿದ್ದವು. ಗುಳ್ಳಕಾಯಜ್ಜಿಯ ಕಥೆಗೆ ಹೊಂದಿಸಿ ಉತ್ತರಪದವನ್ನು ‘ಗುಳ್ಳ’ವೆಂದು ಒಡೆಯುವ ಜನಪದ ನಿರುಕ್ತಿ ಕೂಡ ಪೂರ್ವಪದದ ಬಿಳುಪನ್ನು ಮುಟ್ಟಲಿಲ್ಲ ಎಂಬುದು ಗಮನಾರ್ಹ.

ಸ್ಥಳನಾಮಗಳಲ್ಲಿ ಇಂಥ ಆಧಾರ ಸಿಗುವುದು ಅಪರೂಪ. ದಕ್ಷಿಣ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ‘ಬಿಳಿ’ಯನ್ನು ಕಾಣಹೊರಟವರು ಇಂದಿನ ಉಚ್ಚಾರಣೆಯನ್ನೇ ನಂಬದೆ ಮೊದಲು ಆ ಹೆಸರಿನ ಹಳೆಯ ಬರಹರೂಪವನ್ನು ಮುಂದಿಡಬೇಕು.